ಮೇಡಂ ಅವರ ಜೇಡಗಳೂ ನನ್ನ ಬಡಾಯಿಯೂ

ಬೇರೆಯವರಿಗೆ ವರ್ಷಕ್ಕೊಮ್ಮೆ ಆಗುವ ಫಜೀತಿ ನನಗೆ ವಾರಕ್ಕೊಮ್ಮೆ ಆಗುತ್ತದೆ. ಕಾರಣ ನನಗೂ ಗೊತ್ತು: ಕೈಗಿಂತ ಬಾಯಿ ಮುಂದೆ ಓಡುತ್ತದೆ.

ನಾನು ಹೆಬ್ಬಳ್ಳಿ ಕಡೆಯ ಹಳ್ಳಿಯವನು. ಮರ ಹತ್ತುವುದರಲ್ಲಿ, ಬಾವಿಯಲ್ಲಿ ಈಜುವುದರಲ್ಲಿ, ಕೆಸರಿನಲ್ಲಿ ಬೈಕು ಓಡಿಸುವುದರಲ್ಲಿ ನಮ್ಮೂರಲ್ಲಿ ನನ್ನನ್ನು ಹಿಂದೆ ಹಾಕುವವನು ಇನ್ನೂ ಹುಟ್ಟಿಲ್ಲ. ಬೇಕಾದರೆ ಊರಲ್ಲಿ ಯಾರನ್ನಾದರೂ ಕೇಳಿ, ನನ್ನ ತಮ್ಮನನ್ನು ಬಿಟ್ಟು. ಡಿಗ್ರಿ ಮುಗಿದ ಮೇಲೆ ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಒಬ್ಬ ಮೇಡಂ ಹತ್ತಿರ ಕೆಲಸಕ್ಕೆ ಸೇರಿದೆ. ಕೆಲಸ ಏನೆಂದರೆ ಜೇಡ ಹಿಡಿಯುವುದು. ನಗಬೇಡಿ. ಗೋಡೆಯ ಮೇಲೆ ಕೂತು ನಿಮ್ಮ ಕಡೆಗೇ ತಿರುಗಿ ದಿಟ್ಟಿಸುವ, ಬೆರಳು ಮುಂದೆ ಮಾಡಿದರೆ ಟಣ್ಣನೆ ಹಾರುವ ಗಿಡ್ಡ ಜೇಡ ಇರುತ್ತದಲ್ಲ, ಅದೇ. ಜಿಗಿಯುವ ಜೇಡ. ಬಲೆ ಕಟ್ಟಿ ಕಾಯುತ್ತ ಕೂಡುವ ಪೈಕಿ ಅಲ್ಲ ಅದು, ಹುಲಿಯ ಹಾಗೆ ಹೊಂಚಿ ಹಾರಿ ತಿನ್ನುತ್ತದೆ. ಎಂಟು ಕಣ್ಣು, ಅದರಲ್ಲಿ ಮುಂದಿನ ಎರಡು ಕಾರಿನ ದೀಪದಂಥವು.

ಹುಬ್ಬಳ್ಳಿ-ಧಾರವಾಡದ ಸುತ್ತ ಇಂಥ ಜೇಡಗಳಲ್ಲಿ ಯಾವ ಯಾವ ಜಾತಿ ಇವೆ, ಎಲ್ಲೆಲ್ಲಿ ಇವೆ ಎಂಬುದು ಮೇಡಂ ಅವರ ಥೀಸಿಸ್. ‘ಯಾವುದು’ ಎನ್ನುವುದನ್ನು ಅವರು ಸೂಕ್ಷ್ಮದರ್ಶಕದ ಮುಂದೆ ಕೂತು ಹೇಳುತ್ತಿದ್ದರು. ‘ಎಲ್ಲಿ’ ಎನ್ನುವುದು ನನ್ನ ಕೈಯಲ್ಲಿತ್ತು. ಅವರ ಕೋಣೆಯ ಗೋಡೆಗೆ ಒಂದು ದೊಡ್ಡ ನಕಾಶೆ. ನಾನು ಹಿಡಿದು ತಂದ ಒಂದೊಂದು ಜೇಡಕ್ಕೂ ಅದರ ಮೇಲೆ ಒಂದೊಂದು ಬಣ್ಣದ ಚುಕ್ಕೆ. ಆ ನಕಾಶೆ ತುಂಬಿ, ಮೇ ತಿಂಗಳೊಳಗೆ ಥೀಸಿಸ್ ಕೊಟ್ಟರೆ ಜೂನ್‌ನಲ್ಲಿ ಗದಗಿನ ಕಡೆ ಅವರದೇ ಊರಿನ ಕಾಲೇಜಿನಲ್ಲಿ ನೌಕರಿ. ಬಾಯಿಮಾತಿನಲ್ಲಿ ಹೂಂ ಅಂದಿದ್ದರು ಆ ಕಾಲೇಜಿನವರು. ಹನ್ನೆರಡು ವರ್ಷ ಹಾಸ್ಟೆಲ್ ಸಾರು ಉಂಡ ಹೆಣ್ಣುಮಗಳು; ತನ್ನೂರಲ್ಲಿ ಪಾಠ ಮಾಡಬೇಕು ಅನ್ನುವುದೊಂದೇ ಆಸೆ.

ಅಂಥ ನಕಾಶೆಯನ್ನು ನನ್ನ ಕೈಗೆ ಕೊಟ್ಟರು.

ಪೆನ್ಸಿಲ್ಲು

ಮೊದಲ ದಿನವೇ ಮೇಡಂ ಒಂದು ಪೆನ್ಸಿಲ್ಲು ಕೊಟ್ಟು ಹೇಳಿದರು, “ತಮ್ಮಾ, ಜ್ಯಾಡ ಸಿಕ್ಕ ಕೂಡಲೇ ಸ್ಪಿರಿಟ್ ಶೀಶೇದಾಗ ಹಾಕು. ಊರು, ತಾರೀಖು ಒಂದು ಚೀಟ್ಯಾಗ ಬರದು ಅದರೊಳಗ ಇಳಿಬಿಡು. ಪೆನ್ಸಿಲ್ಲೀಲೇ ಬರಿ, ಮರೀಬ್ಯಾಡ.”

ಪೆನ್ಸಿಲ್ಲು ಹಿಡಿಯಲಿಕ್ಕೆ ನಾನೇನು ಮೂರನೇ ಇಯತ್ತೆಯ ಹುಡುಗನೇ? ಅಕ್ಷರ ಅಂದರೆ ನನ್ನವು. ನಮ್ಮೂರ ಮದುವೆಯ ಬೋರ್ಡುಗಳೆಲ್ಲ ನನ್ನ ಕೈಬರಹ. ಅಂಗಡಿಗೆ ಹೋಗಿ ಛಲೋ ನೀಲಿ ಜೆಲ್ ಪೆನ್ನು ತಂದೆ. ಹದಿನೈದು ದಿನ ತಿರುಗಿ ಮೂವತ್ತೆರಡು ಶೀಶೆ ತುಂಬಿಸಿ, ಒಂದೊಂದು ಚೀಟಿಯನ್ನೂ ಲಗ್ನಪತ್ರಿಕೆಯ ಹಾಗೆ ಬರೆದು, ಮೇಡಂ ಮೇಜಿನ ಮೇಲೆ ಸಾಲಾಗಿ ಜೋಡಿಸಿದೆ.

ಮೇಡಂ ಒಂದು ಶೀಶೆ ಎತ್ತಿ ಬೆಳಕಿಗೆ ಹಿಡಿದರು. ಸ್ಪಿರಿಟು ಆಕಾಶದಂತೆ ನೀಲಿಯಾಗಿತ್ತು. ಚೀಟಿ ತೊಳೆದಿಟ್ಟ ಹಾಗೆ ಬೆಳ್ಳಗಿತ್ತು. ನಡುವೆ ಜೇಡ ಒಂದು ತೇಲುತ್ತಿತ್ತು. ಮೂವತ್ತೆರಡೂ ಹಾಗೇ. ಸ್ಪಿರಿಟಿನಲ್ಲಿ ಶಾಯಿ ಕರಗುತ್ತದೆ, ಪೆನ್ಸಿಲ್ಲು ಕರಗುವುದಿಲ್ಲ. ಇಷ್ಟೇ ವಿಷಯ.

“ಇವು ಎಲ್ಲೆಲ್ಲಿ ಸಿಕ್ಕಾವೋ?” ಅಂದರು.

ಆಗಲಾದರೂ ತಪ್ಪಾಯಿತು ಅನ್ನಬೇಕಿತ್ತು. ನಾನು, “ಚೀಟಿ ಯಾಕ ಬೇಕ್ರಿ ಮೇಡಂ? ಮುಖಾ ನೋಡಿ ಊರ ಹೇಳ್ತೇನಿ” ಅಂದೆ.

ಮೇಡಂ ಒಂದು ಶೀಶೆ ತೋರಿಸಿದರು. ನಾನು ಕಣ್ಣು ಕಿರಿದು ಮಾಡಿ, “ಗರಗ” ಅಂದೆ. ಅವರು ಎಲ್ಲವನ್ನೂ ಹಿಂದೆ ಮುಂದೆ ಸರಿಸಿ ಮತ್ತೆ ಒಂದನ್ನು ತೋರಿಸಿದರು. “ಇದು ಅಮರಗೋಳ್ರಿ. ನೋಡಿದ ಕೂಡಲೇ ಗೊತ್ತಾಕ್ಕೈತಿ. ಗರಗದ್ದಕ್ಕೂ ಇದಕ್ಕೂ ಅಜಗಜಾಂತರ.”

“ತಮ್ಮಾ,” ಅಂದರು ಮೇಡಂ ಮೆತ್ತಗೆ, “ಎರಡೂ ಸಲ ತೋರಿಸಿದ್ದು ಒಂದ ಶೀಶಾ.”

ಊರು ಗೊತ್ತಿಲ್ಲದ ಜೇಡ ನಕಾಶೆಗೆ ಬಾರದು. ಮೂವತ್ತೆರಡು ಜೀವ ಸುಮ್ಮನೆ ಹೋದವು. ಜೇಡ ಸಣ್ಣದಿರಬಹುದು, ಆದರೂ ಆ ನೀಲಿ ಶೀಶೆಗಳು ಇಂದಿಗೂ ನನ್ನನ್ನು ನೋಡುತ್ತವೆ. ಅದೂ ಎಂಟೆಂಟು ಕಣ್ಣಿಂದ.

ಅಮರಗೋಳದ ಚಾಚಾ

ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಗೋದಾಮಿನ ಗೋಡೆಯ ಮೇಲೆ ಒಂದು ದಿನ ಕಪ್ಪು-ಬಿಳಿ ಪಟ್ಟೆಯ ಜೇಡ ಸಿಕ್ಕಿತು. ಮದುಮಗನ ಹಾಗೆ ಮಿಂಚುತ್ತಿತ್ತು. ಹಿಂದೆಂದೂ ನಾನು ಅಂಥದ್ದನ್ನು ಹಿಡಿದಿರಲಿಲ್ಲ. ನಾನು ಹಿಡಿದಿಲ್ಲ ಅಂದ ಮೇಲೆ ಜಗತ್ತಿನಲ್ಲಿ ಯಾರೂ ಹಿಡಿದಿಲ್ಲ ಎಂದೇ ಲೆಕ್ಕ. ಅಲ್ಲೇ ನಿಂತು ಘೋಷಿಸಿದೆ: “ಹೊಸಾ ಜಾತಿ! ಇದಕ್ಕ ನಮ್ಮೂರ ಹೆಸರ ಇಡಸ್ತೇನಿ!” ಹಮಾಲರಿಗೆಲ್ಲ ಚಹಾ ಕುಡಿಸಿದೆ.

ಅವರಲ್ಲಿ ಬಿಳೀ ಗಡ್ಡದ ಒಬ್ಬ ಮುದುಕ ಹಮಾಲನಿದ್ದ. ಎಲ್ಲರೂ ಚಾಚಾ ಅನ್ನುತ್ತಿದ್ದರು. ಅವನು ಮೆಣಸಿನಕಾಯಿ ಚೀಲಕ್ಕೆ ಒರಗಿ ಚಹಾ ಊದುತ್ತ, “ಬೇಟಾ, ಇಂವ ಹೊಸಬ ಅಲ್ಲ. ಅಲ್ಲಿ ಗ್ವಾಡೀ ಮ್ಯಾಲ ಒಂದು ಮಣ್ಣ ಬಣ್ಣದ್ದು ಕುಂತಿರತೈತಿ ನೋಡು, ಅದಕೂ ಇದಕೂ ಏನೋ ಸಂಬಂಧ ಐತಿ. ಒಂದ ಘಳಿಗಿ ಕುಂಡ್ರು, ತೋರಿಸ್ತೇನಿ” ಅಂದ.

ನಾನು, “ಚಾಚಾ, ಚೀಲದ ತೂಕಾ ನೀವು ಹೇಳ್ರಿ, ಕೇಳ್ತೇನಿ. ಜ್ಯಾಡದ ವಿಚಾರ ನನಗ ಬಿಡ್ರಿ” ಅಂದು ಬೈಕಿನ ಕಿಕ್ ಒದ್ದೆ.

ಮೇಡಂ ಸೂಕ್ಷ್ಮದರ್ಶಕದಲ್ಲಿ ಎರಡೇ ನಿಮಿಷ ನೋಡಿದರು. “ಈ ಜಾತಿ ನೀ ಬಂದ ಮೊದಲನೇ ತಿಂಗಳಾಗ ತಂದೀಯಲ್ಲೋ. ಮಣ್ಣ ಬಣ್ಣದ್ದು. ಅದು ಹೆಣ್ಣು, ಇದು ಗಂಡು. ಈ ಪೈಕಿ ಗಂಡ-ಹೆಂಡತಿ ಒಬ್ಬರ ಹಂಗ ಒಬ್ಬರಿರಂಗಿಲ್ಲ.”

ಮರುದಿನ ಮುಖ ಸಣ್ಣದು ಮಾಡಿಕೊಂಡು ಯಾರ್ಡಿಗೆ ಹೋದರೆ ಚಾಚಾ ನಗುತ್ತ ಕೇಳಿದ, “ಏನಂದ್ರು ನಿಮ್ಮ ಮೇಡಂ ಬಾಯಾರು?”

“ಗಂಡ-ಹೆಂಡತಿ ಅಂತ್ರಿ.”

“ಅದನ್ನ ನಾ ತೋರಸ್ತಿದ್ದೆ ಬೇಟಾ. ಎಂಟ ದಿನಾ ಅಂವ ಆಕಿ ಮುಂದ ಎರಡೂ ಕೈ ಎತ್ತಿ ಅತ್ತಿಂದಿತ್ತ ಕುಣ್ಯಾಕತ್ತಿದ್ದ. ಆಕಿ ಮಾರಿ ತಿರುವಿ ಕುಂತಿದ್ಲು. ಮದಿವ್ಯಾದವರ ಹೊರತು ಮತ್ಯಾರು ಹಂಗಿರತಾರ?”

ಆ ಕುಣಿತವನ್ನು ಕಣ್ಣಾರೆ ನೋಡಿ ಬರೆದುಕೊಂಡಿದ್ದರೆ ಥೀಸಿಸ್‌ನಲ್ಲಿ ಒಂದು ಪುಟ ಆಗುತ್ತಿತ್ತು ಅಂದರು ಮೇಡಂ. ಕುಣಿಯುವವನನ್ನು ನಾನು ಶೀಶೆಗೆ ಹಾಕಿಬಿಟ್ಟಿದ್ದೆ. ಮುಂದಿನ ಹಂಗಾಮಿಗೆ ಹೋಗಿ ಚಾಚಾನ ಪಕ್ಕ ಕೂಡೋಣ ಅಂದುಕೊಂಡೆ. ಹೋದಾಗ ಅವನು ಕೆಲಸ ಬಿಟ್ಟು ಮಗಳ ಊರಿಗೆ ಹೋಗಿದ್ದ. ಗೋಡೆಗೂ ಹೊಸ ಸುಣ್ಣ ಬಳಿದಿದ್ದರು.

ಬಸ್ಸಿನ ಮಾಸ್ತರರು

ಬೈಕು ಕೆಟ್ಟ ದಿನ ಗರಗದ ಬಸ್ಸಿನಲ್ಲಿ ಒಬ್ಬ ನಿವೃತ್ತ ಮಾಸ್ತರರು ಪಕ್ಕಕ್ಕೆ ಬಂದು ಕೂತರು. ನನ್ನ ತೊಡೆಯ ಮೇಲಿನ ಶೀಶೆಗಳನ್ನು ಕಂಡು ಬಹಳ ಆಸ್ಥೆಯಿಂದ ಕೇಳಿದರು, “ಎಲ್ಲಾ ಒಂದ ಥರಾ ಕಾಣತಾವಲ್ಲೋ ತಮ್ಮಾ. ಇದು ಈ ಜಾತಿ, ಅದು ಆ ಜಾತಿ ಅಂತ ಹೆಂಗ ಹೇಳ್ತೀರಿ?”

ಕೇಳುವವರು ಸಿಕ್ಕರೆ ನಾನು ಬಿಡುತ್ತೇನೆಯೇ? ಇಂಜಿನ್ನಿನ ಗದ್ದಲ ಬೇರೆ. ದನಿ ಏರಿಸಿ ಶುರು ಮಾಡಿದೆ. “ಬಣ್ಣ ನೋಡಿದ್ರ ಮೋಸ ಹೋಗ್ತೇವ್ರಿ ಸರ್. ಸ್ಪಿರಿಟಿನ್ಯಾಗ ಬಣ್ಣ ಹೋಗತೈತಿ. ಸಣ್ಣ ಮರಿ ಆದ್ರ ಯಾರಿಗೂ ಹೇಳಾಕ ಬರಂಗಿಲ್ಲ. ಪೂರಾ ಬೆಳದದ್ದ ಆಗಬೇಕು. ಅದನ್ನ ಅಂಗಾತ ಮಲಗಿಸಿ, ಮ್ಯಾಲ ಲೈಟ್ ಬಿಟ್ಟು…”

ಅಷ್ಟರಲ್ಲಿ ಬಸ್ಸು ಸ್ಟಾಪಿನಲ್ಲಿ ನಿಂತಿತು. ಡ್ರೈವರು ಇಂಜಿನ್ ಬಂದ್ ಮಾಡಿದ್ದು ನನಗೆ ತಿಳಿಯಲಿಲ್ಲ. ಅದೇ ಏರು ದನಿಯಲ್ಲಿ ವಾಕ್ಯ ಮುಗಿಸಿದೆ: “…ಹೆಣ್ಣಿನ ಗುಪ್ತಾಂಗ ನೋಡ್ತೇವ್ರಿ!”

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಮುಂದಿನ ಸೀಟಿನ ಹೆಣ್ಣುಮಕ್ಕಳು ಸೆರಗು ಸರಿಮಾಡಿಕೊಂಡರು. ಶಾಸ್ತ್ರ ಇರುವುದೇ ಹಾಗೆ, ಬೀಗಕ್ಕೆ ಕೀಲಿಯ ಹಾಗೆ ಜಾತಿಗೊಂದು ಆಕಾರ ಇರುತ್ತದೆ ಅಂತ ಬಿಡಿಸಿ ಹೇಳಲು ಹೊರಟೆ. ಮಾಸ್ತರರು ಸಾವಕಾಶ ಎದ್ದು, ಚೀಲ ಹೆಗಲಿಗೇರಿಸಿ, “ಇದನ್ನ ಮಾಡಾಕ ನಿನಗ ಪಗಾರ ಬ್ಯಾರೆ ಕೊಡತಾರೇನು?” ಅಂದು ಹಿಂದಿನ ಸೀಟಿಗೆ ಹೋದರು.

ಅಷ್ಟು ಪ್ರೀತಿಯಿಂದ ಕೇಳಿದವರು ಮತ್ತೊಬ್ಬರು ಸಿಕ್ಕಿಲ್ಲ. ಆಮೇಲೆ ಆ ಬಸ್ಸಿನಲ್ಲಿ ಎರಡು ಸಲ ಕಂಡರು. ಎರಡು ಸಲವೂ ಸೀಟು ಖಾಲಿ ಇದ್ದರೂ ನಿಂತೇ ಹೋದರು.

ಎಂಟು ಕಾಲು

ಛತ್ರಿಯನ್ನು ತಲೆಕೆಳಗೆ ಮಾಡಿ ಟೊಂಗೆಯ ಕೆಳಗೆ ಹಿಡಿದು, ಮೇಲಿಂದ ಕೋಲಿನಲ್ಲಿ ಬಡಿದರೆ ಎಲೆಯೊಳಗಿನ ಜೇಡಗಳೆಲ್ಲ ಛತ್ರಿಗೆ ಬೀಳುತ್ತವೆ. ನಮ್ಮ ಕಸುಬಿನ ಪದ್ಧತಿ ಅದು. ಕಸ, ಎಲೆ, ಇರುವೆಗಳನ್ನು ತೆಗೆದೊಗೆದು ಜೇಡಗಳನ್ನಷ್ಟೇ ಆರಿಸಬೇಕು. ಇರುವೆ ಒಗೆಯುವುದರಲ್ಲಿ ನನ್ನ ಉಗುರು ಕೇರಂ ಆಡಿದ ಹಾಗೆ ನಡೆಯುತ್ತಿತ್ತು.

ಒಂದು ದಿನ ಮೇಡಂ ನಕಾಶೆಯ ಮುಂದೆ ನಿಂತು, “ಇರುವಿ ವೇಷ ಹಾಕೋ ಜ್ಯಾಡ ಇರತಾವು. ಮಾವಿನ ಗಿಡದಾಗ ಇರಲೇಬೇಕು. ನಿನಗ ಒಂದೂ ಸಿಕ್ಕಿಲ್ಲಲ್ಲ?” ಅಂದರು.

“ನಮ್ಮ ಕಡೆ ಅಂಥಾ ವೇಷಗಾರರು ಇಲ್ರಿ ಮೇಡಂ. ಇಲ್ಲಿ ಎಲ್ಲಾ ಇದ್ದದ್ದ ಇದ್ದಂಗ,” ಅಂದೆ.

ನನ್ನ ಮಾತು ನಂಬಿ ‘ಈ ಭಾಗದಲ್ಲಿ ಕಂಡುಬಂದಿಲ್ಲ’ ಎಂದು ಬರೆದುಕೊಂಡರು. ಅನುಮಾನ ಮಾತ್ರ ಹೋಗಲಿಲ್ಲ. ಮುಂದಿನ ವಾರ ತಾವೇ ನನ್ನ ಜೊತೆ ಮಾವಿನ ತೋಪಿಗೆ ಬಂದರು. ಛತ್ರಿ ಹಿಡಿದೆ, ಬಡಿದೆ, ಒಗೆಯಲು ಶುರು ಮಾಡಿದೆ. ಮೂರನೆಯ ಇರುವೆಗೆ ಉಗುರು ಹಾಕುವಷ್ಟರಲ್ಲಿ ಮೇಡಂ ನನ್ನ ಮಣಿಕಟ್ಟು ಹಿಡಿದರು.

“ಕಾಲ ಎಣಸು.”

ಎಣಿಸಿದೆ. ಎಂಟು. ಮುಂದಿನ ಎರಡು ಕಾಲನ್ನು ಮೇಲೆತ್ತಿ ಇರುವೆಯ ಮೀಸೆಯ ಹಾಗೆ ಅಲ್ಲಾಡಿಸುತ್ತಿತ್ತು, ಕಳ್ಳ.

“ಇಲ್ಲೀತನಕ ಎಷ್ಟು ಒಗದೀ?”

“ಸಿಕ್ಕಷ್ಟೂ ರಿ.”

ಮೇಡಂ ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು. ಒಂದು ಇಡೀ ಮಳೆಗಾಲದ ಚುಕ್ಕೆಗಳನ್ನು ನಾನು ಉಗುರಿನಿಂದ ಹಾರಿಸಿಬಿಟ್ಟಿದ್ದೆ. ಹೇಗಾದರೂ ತುಂಬಿ ಕೊಡಬೇಕೆಂದು ಮರುದಿನ ಬೆಳಗ್ಗೆಯೇ ಹೋಗಿ, ಒಂದೊಂದನ್ನೂ ಹಿಡಿದು, ಕಾಲೆಣಿಸಿ, ಸಂಜೆಯೊಳಗೆ ನಲವತ್ತು ತಂದು ಮುಂದಿಟ್ಟೆ.

“ಎಲ್ಲಾ ಎಂಟೆಂಟು ಅದಾವ್ರಿ. ನಾನ ಎಣಿಸೇನಿ.”

ಮೇಡಂ ಸೂಕ್ಷ್ಮದರ್ಶಕದಿಂದ ತಲೆ ಎತ್ತಿದರು. “ತಮ್ಮಾ, ಇವು ಖರೇ ಇರುವಿ. ನೀ ಮೀಸಿನೂ ಕಾಲಿನ ಲೆಕ್ಕದಾಗ ಹಿಡದೀ.”

ನಕಾಶೆ

ಇದನ್ನು ಬರೆಯಬಾರದು ಅಂದುಕೊಂಡಿದ್ದೆ.

ಥೀಸಿಸ್ ಕೊಡುವ ಮುಂಚೆ ಹಿರಿಯರ ಮುಂದೆ ಎಲ್ಲವನ್ನೂ ಒಮ್ಮೆ ತೋರಿಸಿ, ಅವರು ಸರಿ ಅನ್ನಬೇಕು. ಏಪ್ರಿಲ್‌ನಲ್ಲಿ ಆ ದಿನ ಬಂತು. ಇಸ್ತ್ರಿ ಅಂಗಿ ಹಾಕಿಕೊಂಡು ನಾನೂ ಹಿಂದಿನ ಬೆಂಚಿನಲ್ಲಿ ಕೂತೆ. “ಆ ಚುಕ್ಕಿ ಎಲ್ಲಾ ನಮ್ಮವ” ಎಂದು ಪಕ್ಕದ ಜವಾನನಿಗೆ ಆಗಲೇ ಹೇಳಿಯಾಗಿತ್ತು. ಮೇಡಂ ಚೆಂದ ಮಾತಾಡಿದರು. ಜಾತಿ ಗುರುತಿಸಿದ ಬಗ್ಗೆ ಯಾರೂ ಒಂದು ತಪ್ಪು ಹೇಳಲಿಲ್ಲ.

ಕೊನೆಗೆ ಪರವೂರಿನಿಂದ ಬಂದಿದ್ದ ವಯಸ್ಸಾದ ಪ್ರೊಫೆಸರರು ಎದ್ದು, ಕನ್ನಡಕ ಹಣೆಗೇರಿಸಿ, ನಕಾಶೆಯ ಹತ್ತಿರ ಹೋದರು. “ಹೆಬ್ಬಳ್ಳಿಯಲ್ಲಿ ಇಷ್ಟು ಜಾತಿ ಸಿಕ್ಕಿವೆ. ಮುಂದಿನ ಊರಲ್ಲಿ ಒಂದೂ ಇಲ್ಲ. ಅದರಾಚೆಯ ಊರಲ್ಲಿ ಮತ್ತೆ ರಾಶಿ ಇವೆ. ಮಣ್ಣು ಅದೇ, ಮಳೆ ಅದೇ, ಬೆಳೆ ಅದೇ. ಈ ನಡುವಿನ ಊರಲ್ಲಿ ಏನು ಕಡಿಮೆಯಾಗಿದೆಯಮ್ಮಾ?”

ಮೇಡಂ ಆ ಊರಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ನೋಡಿದರು. ಉತ್ತರ ನನಗೆ ಗೊತ್ತಿತ್ತು. ಗೊತ್ತಿದ್ದ ಮೇಲೆ ಸುಮ್ಮನಿರುವ ಮನುಷ್ಯ ನಾನಲ್ಲ. ಎದ್ದು ನಿಂತು, ಎದೆ ಸೆಟೆಸಿ, “ಸರ್, ಆ ಊರಾಗ ನಮ್ಮವರು ಯಾರೂ ಇಲ್ರಿ” ಅಂದೆ.

ಪ್ರೊಫೆಸರರು ನಿಧಾನವಾಗಿ ತಿರುಗಿದರು. “ಅಂದರೆ?”

“ಬಿಸಲಾಗ ತಿರಗಿದ ಮ್ಯಾಲ ಊಟಾ ಆಗಬೇಕಲ್ರಿ? ಪಾವಣ್ಯಾರು, ಅಂದ್ರ ನಮ್ಮ ನೆಂಟರು, ಇದ್ದ ಊರಿಗೆ ಹೋಗ್ತಿದ್ದೆ.”

“ಈ ಊರು?”

“ದೊಡ್ಡವ್ವನ ಮನಿ.”

“ಇಲ್ಲಿ ಚುಕ್ಕೆಗಳು ಗುಂಪುಗುಂಪಾಗಿವೆಯಲ್ಲ?”

“ಅಕ್ಕನ ಗಂಡನ ಮನೀರಿ. ಮೂರ ದಿನಾ ಬಿಡಲಿಲ್ಲ.”

“ಇಲ್ಲಿ ಒಂದೇ ಒಂದು?”

“ಅಲ್ಲಿ ಕನ್ಯಾ ನೋಡಾಕ ಹೋಗಿದ್ದೆ ರಿ. ಆಕಿ ಒಲ್ಲೆ ಅಂದ್ಲು. ಲಗೂ ಎದ್ದ ಬಂದ್ವಿ.”

ಪ್ರೊಫೆಸರರು ಕನ್ನಡಕ ಕೆಳಗಿಳಿಸಿ ಮೇಡಂ ಕಡೆ ನೋಡಿದರು. “ಅಮ್ಮಾ, ಇದು ಜೇಡಗಳು ಹರಡಿಕೊಂಡ ನಕಾಶೆ ಅಲ್ಲ. ಈ ಹುಡುಗನ ಬೀಗರು ಹರಡಿಕೊಂಡ ನಕಾಶೆ.”

ಸಭೆ ಬಿದ್ದು ಬಿದ್ದು ನಕ್ಕಿತು. ನನ್ನ ಪಕ್ಕದ ಜವಾನನೂ ನಕ್ಕ. ಮೇಡಂ ಒಬ್ಬರೇ ನಗಲಿಲ್ಲ. ನಕಾಶೆಯ ನಾಲ್ಕು ಮೂಲೆಯ ಪಿನ್ನು ಕಿತ್ತು, ಸುರುಳಿ ಸುತ್ತಿ, ದಾರ ಕಟ್ಟಿದರು.

ಇನ್ನೊಂದು ಮಳೆಗಾಲ ತಿರುಗಿ ಮತ್ತೆ ಮಾಡಬೇಕು ಎಂದು ತೀರ್ಮಾನವಾಯಿತು. ಜೂನ್ ಬಂತು. ಗದಗಿನ ಕಡೆಯ ಆ ಕಾಲೇಜಿಗೆ ಬೇರೆ ಯಾರೋ ಸೇರಿದರು. ಸುದ್ದಿ ಬಂದ ದಿನ ನಾನು ಬಾಗಿಲಲ್ಲಿ ನಿಂತು, “ಮೇಡಂ, ನನ್ನಿಂದ…” ಅಂದೆ. ಅವರು ಸೂಕ್ಷ್ಮದರ್ಶಕದ ಗಾಜು ಒರೆಸುತ್ತ, “ಹೋಗ್ಲಿ ಬಿಡು ತಮ್ಮಾ. ಊರು ಹೆಂಗ ಆರಿಸ್ತೀ ಅಂತ ನಾನೂ ಕೇಳಬೇಕಿತ್ತು” ಅಂದರು. ನಮ್ಮಪ್ಪ ಬಾರಕೋಲಿನಿಂದ ಬಾರಿಸಿದಾಗಲೂ ಅಷ್ಟು ಉರಿದಿರಲಿಲ್ಲ.

ಯಾರ ಪೈಕಿ?

ಹೊಸ ನಕಾಶೆಯ ಮೇಲೆ ಮೇಡಂ ಸ್ಕೇಲಿಟ್ಟು ಚೌಕ ಚೌಕ ಗೆರೆ ಎಳೆದರು. ಪ್ರತಿ ಚೌಕಕ್ಕೂ ಒಂದು ಊರು. ಒಂದೂ ಬಿಡುವ ಹಾಗಿಲ್ಲ. “ಪಾವಣ್ಯಾರ ಮನೀಗೆ ಕಾಲ ಇಡೂ ಹಂಗಿಲ್ಲ. ಬುತ್ತಿ ಕಟಗೊಂಡು ಹೋಗು,” ಅಂದರು. ಕೂಡಲಸಂಗಮನ ಆಣೆ ಮಾಡಿದೆ.

ಮೊದಲ ಚೌಕ ಗರಗದಾಚೆಯ ಒಂದು ಸಣ್ಣ ಹಳ್ಳಿ. ಅದರ ಹೆಸರನ್ನೂ ನಾನು ಕೇಳಿರಲಿಲ್ಲ. ಬೇಲಿಯ ಹತ್ತಿರ ಛತ್ರಿ ತಿರುವಿ ಹಿಡಿದಿದ್ದೆ. ಕಟ್ಟೆಯ ಮೇಲೆ ಕೂತಿದ್ದ ರುಮಾಲಿನ ಹಿರಿಯರೊಬ್ಬರು ಎದ್ದು ಬಂದರು.

“ಯಾರ ಪೈಕಿ ತಮ್ಮಾ?”

“ಯಾರ ಪೈಕೀನೂ ಅಲ್ರಿ.”

“ಯಾರ ಪೈಕೀನೂ ಅಲ್ಲದ ಮುಗಲಿನಿಂದ ಉದರೀ ಏನು? ಊರು ಯಾವುದು?”

ಹೇಳಲೇಬೇಕಾಯಿತು. “ಅವ್ವನ ತವರಮನಿ?” ಹೇಳಿದೆ. “ಅಜ್ಜೀದು?” ಬಾಯಿ ಬಿಗಿಹಿಡಿದೆ, ಆದರೂ ಜಾರಿತು. ಹಿರಿಯರ ಕಣ್ಣು ಅರಳಿದವು. “ಅಲೆ ಇವನ! ನಿಮ್ಮಜ್ಜಿ ತಂಗೀನ ಈ ಊರಿಗೆ ಕೊಟ್ಟಾರಲೇ, ನಮ್ಮ ಅಣ್ಣತಮ್ಮಂದ್ರ ಮನೀಗೆ! ಏ, ಅಳ್ಯಾ ಬಂದಾನ, ರೊಟ್ಟಿ ಬಡೀರಿ!”

ಛತ್ರಿ ಅಲ್ಲೇ ಬಿಟ್ಟು ಮೇಡಂಗೆ ಫೋನ್ ಹಚ್ಚಿದೆ. ಹೊಲದ ಗಾಳಿಯಲ್ಲಿ ಕೇಳಿಸದೆಂದು ಸ್ಪೀಕರ್ ಹಾಕಿದೆ. “ಮೇಡಂ, ಈ ಚೌಕಾನೂ ಕೆಟ್ಟಿತ್ರಿ. ಅಳಿಸಿಬಿಡ್ರಿ. ಛತ್ರಿ ಬಿಚ್ಚೂದ್ರಾಗ ಪಾವಣ್ಯಾರು ಹುಟ್ಟಿದ್ರು.”

ಆ ಕಡೆಯಿಂದ ನಗು. ಏಪ್ರಿಲ್‌ನಿಂದ ಕೇಳಿರಲಿಲ್ಲ ಆ ನಗುವನ್ನು. “ಹುಚ್ಚಾ, ಊರು ಆರಿಸಿದ್ದು ಗೆರಿ. ನೀ ಅಲ್ಲ. ಏನೂ ಕೆಟ್ಟಿಲ್ಲ. ಜ್ಯಾಡ ಹಿಡದು ರೊಟ್ಟಿ ಉಂಡು ಬಾ.”

ಹಿರಿಯರು ಫೋನು ಕಸಿದುಕೊಂಡರು. “ನೀ ಯಾವೂರಾಕಿವಾ?” ಮೇಡಂ ಹೇಳಿದರು. “ಗದಗಿನ ಕಡೆಯಾಕಿ ಏನು? ಹಂಗಾದ್ರ ನಮ್ಮ ಮಗಳನ್ನ ನಿಮ್ಮ ಸೀಮಿಗೇ ಕೊಟ್ಟೇನಿ, ನೀನೂ ನಮ್ಮ ಮಗಳ ಆದಿ ಬಿಡು. ನೌಕರಿ ಆತೇನವಾ?”

“ಆಗಿತ್ರಿ ಕಾಕಾ. ತಪ್ಪಿತು.”

“ಯಾಕ?”

“ನಕಾಶಿ ತಪ್ಪಾಗಿತ್ರಿ. ಮತ್ತ ಮಾಡಾಕತ್ತೇವಿ.”

ಅಷ್ಟೇ ಅಂದರು. ಮುಂದೆ ನನ್ನ ಹೆಸರು ಬರುತ್ತದೆ ಎಂದು ನಾನು ನೆಲ ನೋಡುತ್ತ ನಿಂತಿದ್ದೆ. ಬರಲಿಲ್ಲ. ಆ ದಿನ ಪ್ರೊಫೆಸರರ ಮುಂದೆಯೂ ಅವರು ಒಮ್ಮೆಯೂ ನನ್ನ ಕಡೆ ಕೈ ತೋರಿಸಿರಲಿಲ್ಲ.

ಹಿರಿಯರು ಫೋನು ನನ್ನ ಕೈಗೆ ತುರುಕಿ, ರುಮಾಲು ಸರಿಮಾಡಿಕೊಂಡು ಗುಡುಗಿದರು. “ಇಷ್ಟ ಛಲೋ ಹೆಣಮಗಳ ನೌಕರಿ ಕಳಿಯಾಕ ಆ ತಪ್ಪು ನಕಾಶಿ ಮಾಡಿದ ಹೆಡ್ಡ ಯಾವನೋ? ಯಾರ ಪೈಕಿ ಅಂವ?”

ಸ್ಪೀಕರು ಇನ್ನೂ ಆನ್ ಇತ್ತು. ನನ್ನ ಜೀವಮಾನದಲ್ಲಿ ಮೊದಲ ಸಲ ಬಡಾಯಿ ಇಲ್ಲದೆ ಒಂದು ಮಾತು ಹೇಳಿದೆ.

“ಈಗ ನಿಮ್ಮ ಪೈಕೀನರಿ, ಮಾಮಾ.”